ಮೂರು ದಿನದ ಫೇಜ್ ತರಬೇತಿ: ದುಡ್ಡು ಕಟ್ಟಿದ್ದು ಫರ್ಮೆಂಟರ್‌ಗೆ, ಸಿಕ್ಕಿದ್ದು ಮೇಷ್ಟ್ರು

ಖಾಸಗಿ ಡೈರಿಯೊಂದರ ಕ್ವಾಲಿಟಿ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಫೇಜ್ ಅಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್; ನಮ್ಮ ಬಾಯಲ್ಲಿ ಅದು ಬೈಗುಳ. ರಾತ್ರಿ ಪಾಳಿಯವರು ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯೂ ಹಾಲಾಗಿಯೇ ನಿಂತಿದ್ದರೆ, ಅಸಿಡಿಟಿ ಏರದೆ ಸತಾಯಿಸಿದರೆ, ಕಲ್ಚರಿನ, ಅಂದರೆ ಹೆಪ್ಪಿನ ಬ್ಯಾಕ್ಟೀರಿಯಾವನ್ನು ಈ ವೈರಸ್ ತಿಂದು ಹಾಕಿದೆ ಎಂದು ಗುಮಾನಿ. ಅಂಥದ್ದನ್ನು ಔಷಧಿಗಾಗಿ ಬೇಕೆಂದೇ ಬೆಳೆಸಲು ಕಲಿಸುತ್ತೇವೆ ಅಂತ ಬೆಂಗಳೂರಿನ ತರಬೇತಿ ಕೇಂದ್ರವೊಂದು ಹೇಳಿದಾಗ, ಕುತೂಹಲ ತಡೆಯದೆ 18,500 ರೂಪಾಯಿ ಕಟ್ಟಿದೆ. ಜಿಎಸ್‌ಟಿ ಬೇರೆ.

ಬೇಸರದ್ದು ಮೊದಲೇ ಹೇಳಿಬಿಡುತ್ತೇನೆ. ಹದಿನಾಲ್ಕು ಜನಕ್ಕೆ ಬ್ಯಾಕ್ಟೀರಿಯಾ ಬೆಳೆಸುವ ಐದು ಲೀಟರಿನ ಪಾತ್ರೆ, ಅದೇ ಫರ್ಮೆಂಟರ್, ಒಂದೇ. ‘ನಿಮ್ಮ ಕೈಯಿಂದಲೇ ಮಾಡಿಸುತ್ತೇವೆ’ ಅಂದಿದ್ದರು. ನನ್ನ ಕೈಗೆ ಬಂದಿದ್ದು ಪಿಎಚ್ ಪ್ರೋಬ್ ಮಾತ್ರ, ಅದೂ ಕ್ಯಾಲಿಬ್ರೇಷನ್‌ಗೆ. ಮೊದಲ ದಿನವೆಲ್ಲ ಸ್ಲೈಡ್. ಆ ದಿನದ ಬಿಸಿಬೇಳೆಬಾತಿನಲ್ಲಿ ಬಿಸಿ ಒಂದು ಬಿಟ್ಟು ಉಳಿದದ್ದೆಲ್ಲ ಇತ್ತು.

ಆದರೂ ದುಡ್ಡು ದಂಡ ಅನ್ನಿಸಲಿಲ್ಲ, ಅದಕ್ಕೆ ಕಾರಣ ಎರಡನೇ ದಿನ ಬಂದ ಮೇಷ್ಟ್ರು. ಬಯೋಪ್ರೋಸೆಸ್ ಪ್ರೊಫೆಸರ್ ಆಗಿದ್ದವರು, ಈಗ ನಿವೃತ್ತಿ. ನೌಕರಿಯಲ್ಲಿದ್ದಾಗಲೇ ಮೂರು ಸ್ಟಾರ್ಟಪ್‌ಗೆ ಕೈ ಹಾಕಿ, ಎರಡನ್ನು ತಾವೇ ಬಾಗಿಲು ಹಾಕಿ ಬಂದವರು. ನಾನು ಡೈರಿಯವಳು ಅಂದಿದ್ದೇ ತಡ, ‘ಬಾರಮ್ಮ ಮೊಸರಮ್ಮ, ನಿನ್ನ ಶತ್ರೂನ ತೋರಿಸ್ತೀನಿ’ ಅಂತ ಮುಂದಿನ ಸಾಲಿಗೆ ಕರೆದರು.

ಫರ್ಮೆಂಟರಿನಲ್ಲಿ ಇ.ಕೋಲೈ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದು ಮಜ್ಜಿಗೆಯ ಹಾಗೆ ಮಂದವಾಗಿತ್ತು. ನೂರು ಬ್ಯಾಕ್ಟೀರಿಯಾಕ್ಕೆ ಒಂದು ಫೇಜ್ ಲೆಕ್ಕದಲ್ಲಿ ಟಿ7 ಎಂಬ ಫೇಜ್ ಬಿಟ್ಟರು. ನಾವೆಲ್ಲ ಗಾಜಿನ ಪಾತ್ರೆಯನ್ನೇ ನೋಡುತ್ತಿದ್ದರೆ, ‘ಅಲ್ಲಲ್ಲ, ಡಿಓ ನೋಡಿ’ ಅಂದರು. ಡಿಓ, ಅಂದರೆ ಕರಗಿದ ಆಮ್ಲಜನಕದ ಅಂಕಿ ಶೇಕಡಾ ಮೂವತ್ತರ ಆಸುಪಾಸಿನಲ್ಲೇ ತೂಗಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಸರಸರನೆ ಏರತೊಡಗಿತು: ನಲವತ್ತೈದು, ಅರವತ್ತು, ಎಂಬತ್ತು. ಉಸಿರಾಡುವವರೇ ಸತ್ತ ಮೇಲೆ ಆಮ್ಲಜನಕ ಯಾರಿಗೆ ಬೇಕು? ಅದರ ಬೆನ್ನಲ್ಲೇ ಮಜ್ಜಿಗೆ ತಿಳಿಯಾಗಿ, ಹಿಂದಿನ ಗೋಡೆಯ ಸ್ವಿಚ್‌ಬೋರ್ಡ್ ಪಾತ್ರೆಯೊಳಗಿಂದಲೇ ಕಾಣಿಸಿತು. ಒಡೆದ ಜೀವಕೋಶಗಳ ಪ್ರೋಟೀನ್, ಡಿಎನ್‌ಎ ಎಲ್ಲ ಸೇರಿ ನೊರೆ ಉಕ್ಕಿ ಎಕ್ಸಾಸ್ಟ್ ಫಿಲ್ಟರಿನವರೆಗೆ ಹೋಯಿತು. ನೊರೆ ಇಳಿಸುವ ಆಂಟಿಫೋಮ್ ಬಾಟಲಿ ಎಲ್ಲಿ ಅಂತ ಸಹಾಯಕ ಹುಡುಗ ಹುಡುಕಾಡಿದ್ದೇ ಹುಡುಕಾಡಿದ್ದು.

ಫೇಜ್‌ನ ಜೀನ್ ತಿದ್ದುವ ಎಂಜಿನಿಯರಿಂಗ್ ಪಾಠವನ್ನು ಬದನೆಕಾಯಿಯಿಂದ ಶುರು ಮಾಡಿದರು. ಲಂಡನ್ನಿನ ಆಸ್ಪತ್ರೆಯಲ್ಲಿ ಹದಿನೈದರ ಹುಡುಗಿಗೆ ಶ್ವಾಸಕೋಶ ಕಸಿಯಾದ ಮೇಲೆ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿ, ಯಾವ ಆಂಟಿಬಯಾಟಿಕ್ಕೂ ನಾಟದಾಯಿತು. ಅಮೆರಿಕದ ಪಿಟ್ಸ್‌ಬರ್ಗ್‌ನ ಫೇಜ್ ಸಂಶೋಧಕ ಗ್ರಹಾಂ ಹ್ಯಾಟ್‌ಫುಲ್ ಅವರ ಸಂಗ್ರಹದಿಂದ ಮೂರು ಫೇಜ್ ಆರಿಸಿದರು. ಅದರಲ್ಲಿ ‘ಮಡ್ಡಿ’ ಎಂಬುದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಕೊಳೆತ ಬದನೆಕಾಯಿಯ ಅಡಿಭಾಗದಲ್ಲಿ ಸಿಕ್ಕಿದ್ದು. ಉಳಿದೆರಡು ಸೋಮಾರಿಗಳು. ಬ್ಯಾಕ್ಟೀರಿಯಾದೊಳಗೆ ಹೊಕ್ಕು ಕೊಲ್ಲದೆ ಮಲಗಿಬಿಡುವ ಜಾತಿ. ಅವುಗಳ ಆ ‘ಮಲಗು’ ಅನ್ನುವ ರಿಪ್ರೆಸರ್ ಜೀನನ್ನು ಕಿತ್ತು ಹಾಕಿ ಕೊಲೆಗಾರರನ್ನಾಗಿ ಮಾಡಿದರು. ಹುಡುಗಿ ಚೇತರಿಸಿಕೊಂಡಳು, 2019ರಲ್ಲಿ ವರದಿ ಬಂತು. ಆವತ್ತು ಮಧ್ಯಾಹ್ನದ ಊಟಕ್ಕೆ ಎಣ್ಣೆಗಾಯಿ ಇತ್ತು. ಒಬ್ಬರೂ ಬಿಡಲಿಲ್ಲ ಅನ್ನಿ.

ನಮ್ಮ ಬೆಂಗಳೂರಿನ ಗಂಗಾಜೆನ್ ಕಂಪನಿಯ ಕಥೆಯೂ ಬಂತು. ಬ್ಯಾಕ್ಟೀರಿಯಾ ಕೊಲ್ಲುವ ಅವರ ಪಿ128 ಇಡೀ ಫೇಜ್ ಅಲ್ಲ. ‘ಕೆ’ ಹೆಸರಿನ ಫೇಜ್ ತನ್ನ ಬಾಲದಿಂದ ಬ್ಯಾಕ್ಟೀರಿಯಾದ ಗೋಡೆ ಕೊರೆಯುವ ಕಿಣ್ವದ ತುಂಡಿಗೆ, ಸ್ಟ್ಯಾಫ್ ಬ್ಯಾಕ್ಟೀರಿಯಾದ ಕೋಶವನ್ನು ಹಿಡಿದುಕೊಳ್ಳುವ ಇನ್ನೊಂದು ಪ್ರೋಟೀನಿನ ತುಂಡನ್ನು ಬೆಸೆದಿದ್ದು. ಕಳ್ಳನನ್ನು ಬಿಟ್ಟು ಅವನ ಕನ್ನಗತ್ತಿ ಮಾತ್ರ ತಗೊಂಡ ಹಾಗೆ.

ಮೂರನೇ ದಿನ ಪೂರ್ತಿ ತೊಳೆಯುವ, ಅಂದರೆ ಫೇಜ್ ಇರುವ ದ್ರವವನ್ನು ಶುದ್ಧ ಮಾಡುವ ಕೆಲಸ. ಅರ್ಧ ಜನ ಆಕಳಿಸಿದರು, ನನಗೆ ಮಾತ್ರ ಕೊಟ್ಟ ದುಡ್ಡಿನ ಬಹುಪಾಲು ಇಲ್ಲೇ ವಸೂಲಾಯಿತು. ಇ.ಕೋಲೈ ಒಡೆದಾಗ ಅದರ ಹೊರಪದರದ ಎಂಡೋಟಾಕ್ಸಿನ್ ಎಂಬ ವಿಷವೆಲ್ಲ ದ್ರವಕ್ಕೆ ಬರುತ್ತದೆ. ರಕ್ತಕ್ಕೆ ಕೊಡುವ ಔಷಧಿಯಲ್ಲಿ ಅದು ಮೈತೂಕದ ಕಿಲೋಗೆ ಗಂಟೆಗೆ 5 ಯೂನಿಟ್ ದಾಟುವಂತಿಲ್ಲ. ತೊಳೆಯದ ದ್ರವದ ಒಂದು ಎಂಎಲ್‌ನಲ್ಲೇ ಅದು ಲಕ್ಷಗಟ್ಟಲೆ ಇರಬಹುದು. ಫಿಲ್ಟರ್, ಕಾಲಂ, ಮತ್ತೆ ಫಿಲ್ಟರ್. ಪ್ರತಿ ಹಂತದಲ್ಲೂ ಒಂದಿಷ್ಟು ಫೇಜ್ ಕೈ ಜಾರುತ್ತದೆ. ‘ನನ್ನ ಮೊದಲನೇ ಕಂಪನಿ ಮುಳುಗಿದ್ದು ಫೇಜ್ ಸಿಗದೆ ಅಲ್ಲಮ್ಮ, ತೊಳೆಯೋ ಖರ್ಚನ್ನ ಲೆಕ್ಕಕ್ಕೆ ಹಿಡೀದೆ’ ಅಂದರು. ಸೋತ ಬ್ಯಾಚುಗಳ ಗ್ರಾಫನ್ನೂ ಪರದೆ ಮೇಲೆ ಹಾಕಿದರು. ಗೆದ್ದದ್ದನ್ನು ಮಾತ್ರ ತೋರಿಸುವ ತರಬೇತಿಗಳಿಗೆ ಹೋಗಿ ಹೋಗಿ ಸಾಕಾಗಿದ್ದ ನನಗೆ ಇದು ಹೊಸದು.

ಬಿಎಸ್ಸಿ ಈಗಷ್ಟೇ ಮುಗಿಸಿದವರು ದುಡುಕಬೇಡಿ, ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಪ್ಲಾಂಟಿನಲ್ಲಿ ಎರಡು ಮೂರು ವರ್ಷ ಕೈ ಸುಟ್ಟುಕೊಂಡವರು ಹೋಗಿ. ಕಟ್ಟುವ ಮೊದಲು ಆ ಬ್ಯಾಚಿಗೆ ಮೇಷ್ಟ್ರು ಬರುತ್ತಾರಾ ಅಂತ ಫೋನ್ ಮಾಡಿ ಕೇಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಮೂರು ಅವರದ್ದು.

ಡೈರಿಯಲ್ಲಿ ಇಷ್ಟು ದಿನ ಬರೀ ಗುಮಾನಿಯ ಮೇಲೆ ಕಲ್ಚರ್ ಬದಲಿಸುತ್ತಿದ್ದೆವು. ಸೋಮವಾರ, ಸರಿಯಾಗಿ ಹೆಪ್ಪುಗಟ್ಟದ ಟ್ಯಾಂಕಿನ ಹಾಲೊಡಕನ್ನು ಸೋಸಿ, ಕ್ಯಾಲ್ಸಿಯಂ ಬೆರೆಸಿದ ಅಗಾರಿನಲ್ಲಿ ನಮ್ಮ ಕಲ್ಚರಿನ ಜೊತೆ ಹಾಕಿಟ್ಟೆ. ಮಾರನೆ ದಿನ ಪ್ಲೇಟಿನಲ್ಲಿ ಸಾಸಿವೆ ಗಾತ್ರದ ಇಪ್ಪತ್ಮೂರು ತೂತು, ಫೇಜ್ ಬ್ಯಾಕ್ಟೀರಿಯಾವನ್ನು ತಿಂದ ಗುರುತು. ಫೋಟೋ ಹಿಡಿದು ಮೇಷ್ಟ್ರಿಗೆ ಕಳಿಸಿದೆ. ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡಿದ್ದೆ; ‘ಡೈಲ್ಯೂಷನ್ ಎಷ್ಟು, ಎಷ್ಟು ಪಟ್ಟು ತೆಳು ಮಾಡಿದ್ದೆ?’ ಅಂತ ಬಂತು.