ಕುಂಡದ ಮಣ್ಣಿಗೆ ‘ನೀರು ಹಿಡಿಯೋ ಹರಳು’ ಅಂತ ಕೊಟ್ಟರೆ ಪ್ಯಾಕೆಟ್ ನೋಡದೆ ತಗೋಬೇಡಿ

ಟೆರೇಸ್ ಮೇಲೆ ಕುಂಡ ಇಟ್ಟುಕೊಂಡಿರುವ ಎಲ್ಲರೂ ದಯವಿಟ್ಟು ಓದಿ. ನೀರು ಹೀರಿ ಉಬ್ಬಿ ಮಣ್ಣನ್ನ ಒದ್ದೆಯಾಗಿ ಇಡುತ್ತೆ ಅಂತ ಮಾರುವ ಹರಳು ಇದು. ಹದಿನೆಂಟು ಕುಂಡಕ್ಕೆ ಹಾಕಿದೆ, ಹನ್ನೊಂದು ಗಿಡ ಹೋಯಿತು. ಅದರಲ್ಲಿ ಒಂದು ನಮ್ಮಮ್ಮ ಮೈಸೂರಿನ ಮನೆಯಿಂದ ಕಡ್ಡಿ ತಂದು ನೆಟ್ಟುಕೊಟ್ಟ ಮಲ್ಲಿಗೆ. ಅಮ್ಮ ಈಗ ಇಲ್ಲ.

ಬೆಂಗಳೂರಿನವರಿಗೆ 2024ರ ಬೇಸಿಗೆ ನೆನಪಿರುತ್ತೆ. ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ಕೂತಿದ್ವಿ. ಕುಡಿಯೋ ನೀರನ್ನ ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಿಡಿದಿಟ್ಟು ಗಿಡ ಉಳಿಸಿಕೊಂಡಿದ್ದೆ. ಆ ಹೆದರಿಕೆ ಹೋಗಿಲ್ಲ. ಈ ಸಲ ಏಪ್ರಿಲ್‌ನಲ್ಲಿ ತಂಗಿ ಮಗನ ಮದುವೆಗೆ ಧಾರವಾಡಕ್ಕೆ ಹನ್ನೆರಡು ದಿನ ಹೋಗೋದಿತ್ತು. ನಾನು ಯಾವಾಗಲೂ ಗೊಬ್ಬರ ತರುವ ನರ್ಸರಿಯಲ್ಲಿ ಈ ಮಾತು ಆಡಿದೆ. ಅಷ್ಟು ಸಾಕಾಯಿತು.

‘ಅಮ್ಮಾ, ನೀವೇನೂ ಯೋಚನೆ ಮಾಡ್ಬೇಡಿ’ ಅಂದ ನರ್ಸರಿಯವನು. ಒಳಗಿಂದ ಬಿಳಿ ಪುಡಿ ತಂದ. ಗಾಜಿನ ಲೋಟಕ್ಕೆ ಒಂದು ಚಮಚ ಹಾಕಿ, ಕುಡಿಯೋ ನೀರಿನ ಕ್ಯಾನ್‌ನಿಂದ ನೀರು ಹುಯ್ದ. ಒಂದು ನಿಮಿಷ ಕೂಡ ಆಗಲಿಲ್ಲ, ಪೂರ್ತಿ ಗಟ್ಟಿ. ಲೋಟ ಬೋರಲು ಹಾಕಿ ತೋರಿಸಿದ. ಒಂದು ಹನಿ ಬೀಳಲಿಲ್ಲ. ಅಲ್ಲಿದ್ದ ಇನ್ನಿಬ್ಬರು ಹೆಂಗಸರೂ ನಾನೂ ಬಾಯಿಬಿಟ್ಟುಕೊಂಡು ನೋಡಿದ್ವಿ. ‘ಕುಂಡಕ್ಕೆ ಒಂದು ಮುಷ್ಟಿ ಹಾಕಿ, ಹದಿನೈದು ದಿನ ಗಿಡದ ಕಡೆ ತಿರುಗಿ ನೋಡೋದೇ ಬೇಡ’ ಅಂದ. ಒಂದು ಕೆಜಿಗೆ 1,200 ರೂಪಾಯಿ. ಪಕ್ಕದ ಮನೆಯವರಿಗೆ ಮಧ್ಯೆ ಎರಡು ಸಲ ನೀರು ಹಾಕೋಕೆ ಹೇಳಲಾ ಅಂತ ಬಿಡಿಸಿ ಕೇಳಿದೆ. ‘ಬೇಡವೇ ಬೇಡ’ ಅಂದ. ಈ ಮಾತು ಅವನ ಬಾಯಲ್ಲೇ ಬಂದದ್ದು, ನಾನು ಸೇರಿಸಿ ಹೇಳ್ತಿಲ್ಲ.

ಹನ್ನೆರಡು ದಿನ ಬಿಟ್ಟು ಬಂದು ಚೀಲ ಕೂಡ ಇಳಿಸದೆ ಟೆರೇಸಿಗೆ ಹೋದೆ. ಟೊಮೇಟೊ, ಬದನೆ ಒಣಗಿ ಕಡ್ಡಿ. ದಾಸವಾಳದ ಎಲೆಯ ಅಂಚೆಲ್ಲ ಬೆಂಕಿ ತಗುಲಿದ ಹಾಗೆ ಕಂದು. ಮಲ್ಲಿಗೆ ಬಾಡಿತ್ತು, ಜೀವ ಇತ್ತು. ಮಣ್ಣು ಕೆದಕಿದರೆ ಸಣ್ಣ ಸಣ್ಣ ಅಂಟು ಗಂಟು, ಅಷ್ಟೇ. ಲೋಟದಲ್ಲಿ ಕಂಡ ಹಾಗೆ ಉಬ್ಬೇ ಇಲ್ಲ. ಫೋನ್ ಮಾಡಿದೆ. ‘ನೀವು ನೀರು ಕಮ್ಮಿ ಹಾಕಿ ಹೋಗಿದ್ದೀರ ಅಮ್ಮಾ, ಚೆನ್ನಾಗಿ ನೆನೆಸಿ’ ಅಂದ. ನಂಬಿದೆ. ನೆನೆಸಿದೆ.

ಮೇ ತಿಂಗಳಲ್ಲಿ ಮಳೆ ಹಿಡಿಯಿತು. ನಾಲ್ಕು ದಿನ ಸಂಜೆ ಸಂಜೆ ಸುರಿಯಿತು. ಐದನೇ ದಿನ ಬೆಳಿಗ್ಗೆ ನೋಡಿದರೆ ಕುಂಡದ ಮಣ್ಣು ಅಂಚು ಮೀರಿ ಮೇಲೆ ಬಂದು, ಲೋಳೆ ಲೋಳೆಯಾಗಿ ಹೊರಗೆ ಇಳೀತಿದೆ. ಮಲ್ಲಿಗೆಯ ಬುಡವನ್ನೇ ಎತ್ತಿಬಿಟ್ಟಿತ್ತು, ಅರ್ಧ ಬೇರು ಹೊರಗೆ. ಮುಟ್ಟಿದರೆ ಕೊಳೆತ ವಾಸನೆ. ಮತ್ತೆ ಫೋನ್ ಮಾಡಿದರೆ ಏನಂದ ಗೊತ್ತಾ? ‘ನೀರು ಜಾಸ್ತಿ ಆಗಿದೆ.’ ಏಪ್ರಿಲ್‌ನಲ್ಲಿ ಕಮ್ಮಿ, ಮೇನಲ್ಲಿ ಜಾಸ್ತಿ. ಎರಡು ಸಲವೂ ತಪ್ಪು ನನ್ನದೇ!

ಆವತ್ತು ಮಧ್ಯಾಹ್ನ ಉಳಿದಿದ್ದ ಪ್ಯಾಕೆಟ್ ತೆಗೆದೆ. ಹಸಿರು ಎಲೆಯ ಚಿತ್ರದ ಸ್ಟಿಕ್ಕರ್ ಅಂಟಿಸಿದ್ದರು. ಕೈ ಒದ್ದೆ ಇತ್ತು, ಸ್ಟಿಕ್ಕರಿನ ಒಂದು ಮೂಲೆ ಎದ್ದು ಬಂತು. ಅದರ ಕೆಳಗೆ ಇನ್ನೊಂದು ಚೀಟಿ. ಪೂರ್ತಿ ಕಿತ್ತೆ. ‘ಸೋಡಿಯಂ ಪಾಲಿಅಕ್ರಿಲೇಟ್, ಐಸ್ ಜೆಲ್ ಪ್ಯಾಕ್ ತಯಾರಿಕೆಗೆ’ ಅಂತ ಅಚ್ಚಾಗಿತ್ತು. ಗಿಡ ಅನ್ನೋ ಪದವೇ ಇಲ್ಲ. ಅಡುಗೆಮನೆಯಲ್ಲಿ ಅದನ್ನ ಹಿಡಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೈ ನಡುಗ್ತಿತ್ತು. ಇದನ್ನ ನಾನೇ ನನ್ನ ಕೈಯಾರೆ, ಮುಷ್ಟಿ ಮುಷ್ಟಿ, ಅಮ್ಮನ ಮಲ್ಲಿಗೆ ಬುಡಕ್ಕೆ ಹಾಕಿದ್ದೆ.

ತಿಳಿದವರನ್ನ ಕೇಳಿ, ಓದಿ, ಆಮೇಲೆ ಅರ್ಥ ಮಾಡಿಕೊಂಡದ್ದು ಹೇಳ್ತೀನಿ. ಗಿಡಕ್ಕೆ ಅಂತ ಮಾರುವ ಹರಳು ಸಾಮಾನ್ಯವಾಗಿ ಪೊಟ್ಯಾಸಿಯಂ ಪಾಲಿಅಕ್ರಿಲೇಟ್. ಸೋಡಿಯಂನದ್ದು ಮಕ್ಕಳ ಡೈಪರ್‌ಗೆ, ಐಸ್ ಪ್ಯಾಕ್‌ಗೆ ಬಳಸೋದು. ಅದರಲ್ಲಿನ ಸೋಡಿಯಂ ಮಣ್ಣಿಗೆ ಬಿಟ್ಟುಕೊಂಡರೆ ಗಿಡಕ್ಕೆ ಉಪ್ಪು ಹಾಕಿದ ಹಾಗೆ, ಎಲೆಯ ಅಂಚು ಸುಡುತ್ತೆ. ನಿಮಿಷದಲ್ಲಿ ಗಟ್ಟಿಯಾಯಿತಲ್ಲ, ಅಲ್ಲೇ ಗೊತ್ತಾಗಬೇಕಿತ್ತು. ಗಿಡದ ಹರಳು ಸಕ್ಕರೆ ಕಾಳಿನಂತೆ ದಪ್ಪ ಇರುತ್ತೆ, ಪೂರ್ತಿ ಉಬ್ಬೋಕೆ ಸಾಕಷ್ಟು ಹೊತ್ತು ಹಿಡಿಯುತ್ತೆ. ಇನ್ನು ಆ ಕ್ಯಾನ್ ನೀರು. ಅದು ಶುದ್ಧ ಮಾಡಿದ ನೀರು, ಗಡಸು ಕಮ್ಮಿ, ಅದಕ್ಕೇ ಲೋಟದಲ್ಲಿ ಅಷ್ಟು ಉಬ್ಬಿತು. ನಮ್ಮ ಬೋರ್‌ವೆಲ್ ನೀರು ಗಡಸು, ಬಕೆಟ್ಟಿನಲ್ಲೆಲ್ಲ ಬಿಳಿ ಕಟ್ಟುತ್ತೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಈ ಹರಳು ಯಾವುದೇ ಆಗಲಿ ಸರಿಯಾಗಿ ಉಬ್ಬಲ್ಲ. ಗೊಬ್ಬರದ ಲವಣವೂ ತಡೆಯುತ್ತೆ. ಹಾಗಾಗಿ ಲೋಟದಲ್ಲಿ ತೋರಿಸಿದ್ದು ನಮ್ಮ ಕುಂಡದಲ್ಲಿ ಆಗೋದೇ ಇಲ್ಲ. ಮಳೆ ನೀರಲ್ಲಿ ಗಡಸು ಇಲ್ಲ, ಅದಕ್ಕೇ ಆಗ ಎದ್ದು ಕೂತಿತು.

ಪ್ರಮಾಣ ಕೇಳಿದರೆ ಹೊಟ್ಟೆ ಉರಿಯುತ್ತೆ. ಸರಿಯಾದ ಹರಳೇ ಆದರೂ ಒಂದು ಲೀಟರ್ ಮಣ್ಣಿಗೆ ಒಂದೆರಡು ಗ್ರಾಂ ಸಾಕಂತೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಹೊಲಕ್ಕೆ ಅಂತ ಮಾಡಿದ ಪೂಸಾ ಹೈಡ್ರೋಜೆಲ್ ಅನ್ನೋ ಇಂಥದ್ದೇ ನೀರು ಹಿಡಿಯೋ ವಸ್ತು ಇದೆ, ಅದನ್ನ ಎಕರೆಗೆ ಹಾಕೋದೇ ಒಂದೆರಡು ಕೆಜಿ. ಎಕರೆಗೆ! ನನ್ನ ಕೈಲಿ ಹದಿನೆಂಟು ಕುಂಡಕ್ಕೆ ಸುಮಾರು ಒಂದು ಕೆಜಿ ಹಾಕಿಸಿದ.

ಚೀಟಿ ಹಿಡಕೊಂಡು ನರ್ಸರಿಗೇ ಹೋದೆ. ಇಷ್ಟು ದಿನ ‘ಅಮ್ಮಾ’ ಅಂತಿದ್ದವನು ಆವತ್ತು ‘ನೋಡಿ ಆಂಟಿ’ ಅಂತ ಶುರು ಮಾಡಿದ. ‘ನೂರಾರು ಜನ ತಗೊಂಡು ಹೋಗಿದಾರೆ, ಒಬ್ಬರೂ ಕಂಪ್ಲೇಂಟ್ ಮಾಡಿಲ್ಲ.’ ಚೀಟಿ ಮುಂದಿಟ್ಟೆ. ಅದನ್ನ ಓದಲೂ ಇಲ್ಲ. ‘ಡೈಪರಲ್ಲೂ ಇದೇ ಹಾಕೋದು. ಮಗುಗೇ ಏನೂ ಆಗಲ್ಲ, ಗಿಡಕ್ಕೇನಾಗುತ್ತೆ?’ ಅಂದ. ಅಂದರೆ ಅವನಿಗೆ ಮೊದಲಿಂದ ಗೊತ್ತಿತ್ತು. ಇದು ಏನು ಅಂತ ಗೊತ್ತಿದ್ದೇ ಸ್ಟಿಕ್ಕರ್ ಅಂಟಿಸಿ ಮಾರಿದ್ದಾನೆ. ದುಡ್ಡು ವಾಪಸ್ ಕೊಡು ಅಂದರೆ ‘ಬಿಲ್ ಇದೆಯಾ?’ ಬಿಲ್ ಇಲ್ಲ. ಎಷ್ಟೋ ವರ್ಷದಿಂದ ಹೋಗುವ ಜಾಗ, ನಾನು ಕೇಳಲಿಲ್ಲ, ಅವನು ಕೊಡಲಿಲ್ಲ. ಕೊನೆಗೆ ಒಂದು ಮನಿ ಪ್ಲಾಂಟ್ ಎತ್ತಿ ‘ಇದನ್ನ ಇಟ್ಕೊಳ್ಳಿ’ ಅಂದ. ಅಲ್ಲೇ ಇಟ್ಟು ಬಂದೆ. ದಾರಿಯುದ್ದಕ್ಕೂ ಅತ್ತೆ, ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ಹೆಸರು ಇಲ್ಲಿ ಬರೆಯಲ್ಲ. ಆದರೆ ಯಾರಾದರೂ ಲೋಟದಲ್ಲಿ ಪುಡಿ ಹಾಕಿ ತೋರಿಸಿದರೆ, ಪ್ಯಾಕೆಟ್ ಕೈಗೆ ತಗೊಳ್ಳಿ, ಒಳಗಿರುವ ವಸ್ತುವಿನ ಹೆಸರು ಓದಿ, ಸ್ಟಿಕ್ಕರಿದ್ದರೆ ಅಂಗಡಿಯವನ ಮುಂದೇನೇ ಉಗುರಲ್ಲಿ ಎಬ್ಬಿಸಿ ನೋಡಿ. ಬಿಲ್ ಬಿಡಬೇಡಿ. ನಿಮ್ಮ ಮನೆ ನೀರಲ್ಲೇ ಒಂದು ಚಿಟಿಕೆ ನೆನೆಹಾಕಿ ನೋಡಿ, ಆಮೇಲೆ ಒಂದೇ ಕುಂಡಕ್ಕೆ ಹಾಕಿ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿಯೇ ಹೋಗಿ. ನಾನಂತೂ ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಮೇಲೆ ಒಣಗಿದ ಎಲೆಯ ಹೊದಿಕೆ, ಇಷ್ಟಕ್ಕೇ ವಾಪಸ್ ಬಂದಿದ್ದೀನಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಜೋಪಾನ. ಮಳೆಯಲ್ಲಿ ಮೇಲೆ ಬಂದ ಆ ಲೋಳೆಯನ್ನ ನಮ್ಮ ಮೊಮ್ಮಗಳು ಜೆಲ್ಲಿ ಅಂದುಕೊಂಡು ಕೈಗೆ ತಗೊಂಡಿದ್ದಳು, ಬಾಯಿಗಿಡುವಷ್ಟರಲ್ಲಿ ಕಿತ್ತುಕೊಂಡೆ.

ಆ ಮಣ್ಣು ನಾಲ್ಕು ಚೀಲ ಟೆರೇಸ್ ಮೂಲೆಯಲ್ಲಿದೆ, ಮೇಲೆ ಟಾರ್ಪಾಲು ಹೊದಿಸಿದ್ದೀನಿ. ಬೇರೆ ಗಿಡಕ್ಕೆ ಹಾಕೋ ಹಾಗಿಲ್ಲ. ಹಸಿರು ಎಲೆಯ ಸ್ಟಿಕ್ಕರಿನ ಪ್ಯಾಕೆಟ್ ಇನ್ನು ಯಾರ ಮನೆಯಲ್ಲಾದರೂ ಇದ್ದರೆ ಇವತ್ತೇ ಕಿತ್ತು ನೋಡಿ, ಮಳೆ ಬರೋ ಮೊದಲು.