ಗಾಡಿ ಇಳಿಸುವ ಮೊದಲು ಶಾಕಪ್ಪಿನ ರಾಡ್ ಅಳೆಯಿರಿ: ಹುಬ್ಬಳ್ಳಿಯ ಒಂದು ಕಾಯಿಲೋವರ್ ಕಾರಿನ ಗತಿ

ಕಾರು ವಿಶೇಷದ್ದೇನಲ್ಲ. ಒಂದು ಟನ್ ಆಸುಪಾಸಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕಪ್ಪೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಗಾಲಿಗಳನ್ನು ಜೋಡಿಸುವ ತೊಲೆ). ಕಂಪನಿಯಿಂದ ಬಂದಾಗ ಹೊಟ್ಟೆಗೂ ನೆಲಕ್ಕೂ ನಡುವೆ 165 ಮಿ.ಮೀ. ಇತ್ತು. ಆನ್‌ಲೈನಿನಲ್ಲಿ ತರಿಸಿದ, ಎತ್ತರ ಹೆಚ್ಚುಕಮ್ಮಿ ಮಾಡುವ ಕಾಯಿಲೋವರ್ (ಶಾಕಪ್ಪಿನ ಸುತ್ತ ಸ್ಪ್ರಿಂಗ್ ಕೂತ ಜೋಡಿ) ಕಿಟ್ ಹಾಕಿ ಅದನ್ನು 60 ಮಿ.ಮೀ. ಇಳಿಸಲಾಯಿತು. “ಅಣ್ಣಾ, ಗಾಲಿಗೂ ಮಡ್‌ಗಾರ್ಡಿಗೂ ನಡುವ ಒಂದು ಬೆರಳೂ ಹೋಗಬಾರದು ನೋಡ್ರಿ” ಎಂದು ಮಾಲೀಕ ಕೇಳಿದ, ಮಿಸ್ತ್ರಿ ಹಾಗೇ ಮಾಡಿಕೊಟ್ಟ. ಗೋಕುಲ ರಸ್ತೆಯಲ್ಲಿ ನಿಲ್ಲಿಸಿ ತೆಗೆದ ಫೋಟೊದಲ್ಲಿ ಗಾಡಿ ಚಂದವೇ ಕಂಡಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮುಂದಿನ ಎರಡೂ ಟೈರುಗಳ ಒಳಅಂಚು ತಂತಿ ಕಾಣುವ ತನಕ ಸವೆದಿತ್ತು, ಇಂಜಿನ್ ತಳದ ಆಯಿಲ್ ಚೇಂಬರ್ ಒಡೆದಿತ್ತು, ಒಂದು ಕಡೆಯ ಎಕ್ಸಲ್ ಬೂಟ್ (ಕೀಲು ಮುಚ್ಚುವ ರಬ್ಬರ್ ಚೀಲ) ಹರಿದಿತ್ತು. ಹಿಂದಿನ ಸೀಟಿನವರು “ಇದಕ್ಕಿಂತ ಚಕ್ಕಡಿ ಛಲೋ” ಅನ್ನತೊಡಗಿದ್ದರು.

ಕಿಟ್ ಅಗ್ಗದ್ದು ಎಂಬುದು ಅರ್ಧ ಕಾರಣ ಮಾತ್ರ. ಹೀಗೆ ಕೂಡಿಸಿದರೆ ದುಬಾರಿ ಕಿಟ್ಟೂ ಇಷ್ಟೇ ಕೆಟ್ಟದಾಗಿ ಓಡುತ್ತದೆ. ಇಳಿಸಿದ ಮೇಲೆ ಶಾಕಪ್ಪಿನ ರಾಡಿಗೆ ಒಳಗೆ ಹೋಗಲು ಎಷ್ಟು ಜಾಗ ಉಳಿಯಿತು ಎಂದು ಯಾರೂ ಅಳೆದಿರಲಿಲ್ಲ. ಉಳಿದ ತೊಂದರೆಗಳು ಬಹುಪಾಲು ಅಲ್ಲಿಂದಲೇ ಹುಟ್ಟಿದವು.

ಕಾಯಿಲೋವರ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಶಾಕಪ್ಪಿನ ಮೈಮೇಲೆ ಥ್ರೆಡ್ ಇರುತ್ತದೆ. ಸ್ಪ್ರಿಂಗ್ ಕೂರುವ ತಟ್ಟೆಯನ್ನು ಸಿ-ಪಾನಾದಿಂದ ತಿರುಗಿಸಿ ಕೆಳಗೆ ತಂದರೆ ಗಾಡಿ ಇಳಿಯುತ್ತದೆ, ಜೊತೆಗೆ ರಾಡ್ ಕೂಡ ಅಷ್ಟೇ ಒಳಗೆ ಹೋಗಿ ಕೂರುತ್ತದೆ. ಇನ್ನೊಂದರಲ್ಲಿ ಕೆಳಗಿನ ಬ್ರಾಕೆಟ್ ಬೇರೆ, ಅದರೊಳಗೆ ಇಡೀ ಶಾಕಪ್ಪೇ ಕೆಳಗಿಳಿಯುತ್ತದೆ. ಎರಡನೆಯದರಲ್ಲಿ ರಾಡಿನ ಓಟ (ಒಳಹೊರಗೆ ಸರಿಯುವ ದೂರ) ಉಳಿಯುತ್ತದೆ. ಆದರೆ ಟೈರು ಮಡ್‌ಗಾರ್ಡಿನ ಒಳಗೋಡೆಗೆ ತಾಗದಂತೆ ನೋಡಿಕೊಳ್ಳಬೇಕು. ಈ ಕಾರಿಗೆ ಹಾಕಿದ್ದು ಮೊದಲ ಜಾತಿ. ಅಂಗಡಿಯವರು ಎರಡನ್ನೂ “ಹೈಟ್ ಅಡ್ಜಸ್ಟೇಬಲ್” ಎಂದೇ ಮಾರುತ್ತಾರೆ, ಆದ್ದರಿಂದ ಬ್ರಾಕೆಟ್ ಬೇರೆ ತಿರುಗುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಲೆಕ್ಕ ಹೀಗೆ ಬಂತು. ಗಾಡಿ ಖಾಲಿ ನಿಂತಾಗ ಕಂಪನಿ ಶಾಕಪ್ಪಿನ ರಾಡಿಗೆ ಒಳಮುಖ 85 ಮಿ.ಮೀ. ಓಟ ಇತ್ತು. ಕಿಟ್ಟಿನ ಶಾಕಪ್ ಮೈ 15 ಮಿ.ಮೀ. ಗಿಡ್ಡ, ಅಂದರೆ 100. ಅದರಲ್ಲಿ 60 ಇಳಿಸಿದರೆ 40. ರಾಡಿನ ಮೇಲಿರುವ ಬಂಪ್ ಸ್ಟಾಪರ್ ರಬ್ಬರಿನ ಉದ್ದವೇ 35. ಸ್ಪ್ರಿಂಗ್ ಕೆಲಸ ಮಾಡಲು ಉಳಿದದ್ದು 5 ಮಿ.ಮೀ. ಡ್ರೈವರ್ ಪಕ್ಕದಲ್ಲಿ ಒಬ್ಬರು ಕೂತರೆ ಅದೂ ಮುಗಿಯಿತು. ಆಮೇಲೆ ಗಾಡಿ ಓಡುವುದು ಸ್ಪ್ರಿಂಗಿನ ಮೇಲಲ್ಲ, ರಬ್ಬರಿನ ಮೇಲೆ. ಸ್ಟಾಪರ್ ಮೊದಲು ಮೆತ್ತಗಿದ್ದು ಅಮುಕಿದಂತೆ ಏಕಾಏಕಿ ಗಟ್ಟಿಯಾಗುತ್ತದೆ. ತೆಗ್ಗಿನಲ್ಲಿ ಬಿದ್ದಾಗ ಬರುವ “ಧಡ್” ಅದರದೇ. ಕೆಲವು ಕಡೆ ಈ ಸದ್ದು ಹೋಗಲಿ ಎಂದು ಸ್ಟಾಪರನ್ನೇ ಕತ್ತರಿಸುತ್ತಾರೆ. ಆಗ ಪಿಸ್ಟನ್ ತಳದ ವಾಲ್ವಿಗೆ ಬಡಿದು ಶಾಕಪ್ ಒಳಗಿಂದಲೇ ಸಾಯುತ್ತದೆ.

ಅಳೆಯಲು ದೊಡ್ಡ ಉಪಕರಣ ಬೇಡ, ಒಂದು ನೈಲಾನ್ ಕೇಬಲ್ ಟೈ ಸಾಕು. ಗಾಡಿಗೆ ಜ್ಯಾಕ್ ಕೊಟ್ಟು, ಧೂಳಿನ ಬೂಟನ್ನು ಮೇಲೆ ಸರಿಸಿ, ರಾಡಿನ ಬುಡದಲ್ಲಿ ಸೀಲಿಗೆ ತಾಗಿದಂತೆ ಟೈ ಬಿಗಿಯಿರಿ, ಜಾರಬೇಕು, ಆದರೆ ತಾನಾಗಿ ಇಳಿಯಬಾರದು. ಮನೆಯವರನ್ನೆಲ್ಲ ಕೂರಿಸಿಕೊಂಡು ನೀವು ದಿನಾ ಓಡಾಡುವ ರಸ್ತೆಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ರಾಡ್ ಎಲ್ಲಿಯವರೆಗೆ ಒಳಗೆ ಹೋಗಿತ್ತೋ ಟೈ ಅಲ್ಲಿಗೆ ಸರಿದಿರುತ್ತದೆ. ಅದು ಪ್ರತಿ ಸಲ ಸ್ಟಾಪರನ್ನು ಅಮುಕಿ ನಿಂತಿದ್ದರೆ ಗಾಡಿ ಅತಿಯಾಗಿ ಕೆಳಗಿದೆ. ತುಂಬಿದ ಗಾಡಿ ನಿಂತಾಗ ಸ್ಟಾಪರಿಗೆ ಮುಂಚೆ 25ರಿಂದ 30 ಮಿ.ಮೀ. ಖಾಲಿ ಇರಲೇಬೇಕು. ಹುಬ್ಬಳ್ಳಿಯ ಒಳರಸ್ತೆಗಳಿಗೆ ಇದಕ್ಕಿಂತ ಕಡಿಮೆ ಇಟ್ಟು ಸುಖವಿಲ್ಲ.

ಇನ್ನು ಸ್ಪ್ರಿಂಗ್. ಕಂಪನಿ ಸ್ಪ್ರಿಂಗ್ ಒಂದು ಮಿ.ಮೀ. ಅಮುಕಲು ಸುಮಾರು 2 ಕೆ.ಜಿ. ಭಾರ ಬೇಕಿತ್ತು, ಕಿಟ್ಟಿನದಕ್ಕೆ 6 ಕೆ.ಜಿ. ಓಟ ಕಡಿಮೆ ಇರುವ ಶಾಕಪ್ಪಿಗೆ ಗಟ್ಟಿ ಸ್ಪ್ರಿಂಗ್ ಹಾಕದೆ ಬೇರೆ ದಾರಿ ಇಲ್ಲ, ಅದು ತಯಾರಕರ ತಪ್ಪಲ್ಲ. ಆದರೆ ಪರಿಣಾಮ ನೋಡಿ. ಮುಂದಿನ ಒಂದು ಗಾಲಿಯ ಸ್ಪ್ರಿಂಗ್ ಹೊರುವ ಭಾರ 275 ಕೆ.ಜಿ. ಎಂದಿಟ್ಟುಕೊಂಡರೆ, ಮೊದಲು ಗಾಡಿಯ ಮೈ ಸೆಕೆಂಡಿಗೆ 1.3 ಸಲದಷ್ಟು ನಿಧಾನ ಏರಿಳಿಯುತ್ತಿತ್ತು. ಈಗ 2.3 ಸಲ. ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಡಾಂಬರು ಒಡೆಯದೆ ಇದ್ದಾಗಲೂ ಅಲೆಅಲೆಯಾಗಿ ಏಳುತ್ತದೆ. ಅಲೆಯಿಂದ ಅಲೆಗೆ 7 ಮೀಟರ್ ಇದ್ದರೆ, 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 2.4 ಅಲೆ ಸಿಗುತ್ತವೆ. ಇಳಿಸಿದ ಗಾಡಿಯ ಲಯವೂ ಅದೇ! ಹಾಗಾಗಿ ಸರಿಯಾಗಿ ಪ್ರಯಾಣದ ವೇಗದಲ್ಲೇ ಅದು ಕುಣಿಯತೊಡಗುತ್ತದೆ. ಕಂಪನಿ ಸ್ಪ್ರಿಂಗಿನಲ್ಲಿ ಆ ಕುಣಿತ 34 ಕಿ.ಮೀ. ಸುತ್ತಮುತ್ತ ಬಂದು ಹೋಗುತ್ತಿತ್ತು, ಯಾರ ಗಮನಕ್ಕೂ ಬೀಳುತ್ತಿರಲಿಲ್ಲ.

ಇಲ್ಲಿಗೆ ಬಂದವರೆಲ್ಲ ಕೈ ಹಾಕುವುದು ಶಾಕಪ್ಪಿನ ಬಿಗಿತ ಹೆಚ್ಚುಕಮ್ಮಿ ಮಾಡುವ ಮೇಲಿನ ನಾಬ್‌ಗೆ. ಬಡಿತ ನಿಲ್ಲಲಿ ಎಂದು ಈ ಕಾರಿನ ನಾಬನ್ನು ಗಟ್ಟಿ ಕಡೆಗೆ ಪೂರ್ತಿ ತಿರುಗಿಸಲಾಯಿತು. ಬಡಿತ ಹೆಚ್ಚಾಯಿತು. ಯಾಕೆಂದರೆ ಒಂದೇ ನಾಬ್ ಇರುವ ಕಿಟ್ಟುಗಳಲ್ಲಿ ಅದು ಬಹುಮಟ್ಟಿಗೆ ರಾಡ್ ಹೊರಬರುವುದನ್ನು ತಡೆಯುತ್ತದೆ, ಜೊತೆಗೆ ಒಳಹೋಗುವುದನ್ನು ಒಂದಿಷ್ಟು. ಸಾಲಾಗಿ ತೆಗ್ಗು ಬಂದಾಗ ಮೊದಲ ಪೆಟ್ಟಿಗೆ ಒಳಗೆ ಹೋದ ರಾಡ್ ಹೊರಬರುವಷ್ಟರಲ್ಲಿ ಎರಡನೆಯದು ಬೀಳುತ್ತದೆ, ಆಮೇಲೆ ಮೂರನೆಯದು. ಗಾಡಿ ಓಡುತ್ತಲೇ ಇನ್ನೂ ಕೆಳಗೆ ಕುಸಿದು ಸ್ಟಾಪರ್ ಮೇಲೆ ಕೂರುತ್ತದೆ. ಪೂರ್ತಿ ಸಡಿಲ ಬಿಟ್ಟರೆ ಅಷ್ಟು ಗಟ್ಟಿ ಸ್ಪ್ರಿಂಗನ್ನು ಹಿಡಿಯುವವರಿಲ್ಲದೆ ಗಾಡಿ ಪುಟಿಯುತ್ತದೆ. ಸರಿಯಾದ ಕ್ರಮವೆಂದರೆ ನಾಬನ್ನು ಮೆಲ್ಲಗೆ ಗಟ್ಟಿ ತುದಿಗೆ ತಂದು (ಒತ್ತಾಯ ಬೇಡ, ಒಳಗಿನ ಸೂಜಿ ವಾಲ್ವ್ ಕೂರುವ ಜಾಗ ಹಾಳಾಗುತ್ತದೆ) ಅಲ್ಲಿಂದ ಕ್ಲಿಕ್ ಎಣಿಸುತ್ತ ಅರ್ಧಕ್ಕೆ ಬಿಡುವುದು, ಎಡಬಲ ಒಂದೇ ಎಣಿಕೆ, ಆಮೇಲೆ ಒಂದು ಸಲಕ್ಕೆ ಎರಡೇ ಕ್ಲಿಕ್ ಬದಲಾವಣೆ. ಆದರೆ 5 ಮಿ.ಮೀ. ಓಟವನ್ನು ಯಾವ ನಾಬೂ 30 ಮಾಡಲಾರದು. “ಪ್ರೀಲೋಡ್ ತಿರುವಿದರ ಸ್ಪ್ರಿಂಗ್ ಗಟ್ಟಿ ಆಕ್ಕೈತಿ” ಎಂಬ ಮಾತನ್ನೂ ನಂಬಬೇಡಿ (ಪ್ರೀಲೋಡ್ ಎಂದರೆ ತಟ್ಟೆಯಿಂದ ಸ್ಪ್ರಿಂಗನ್ನು ಮೊದಲೇ ಅಮುಕಿಡುವುದು). ಒಂದೇ ಸಮನಾಗಿ ಸುತ್ತಿದ ಸ್ಪ್ರಿಂಗಿನ ಗಟ್ಟಿತನ ತಟ್ಟೆ ತಿರುಗಿಸಿದರೆ ಬದಲಾಗುವುದಿಲ್ಲ. ಈ ಜಾತಿಯ ಕಿಟ್ಟಿನಲ್ಲಿ ಎತ್ತರ ಬದಲಾಗುತ್ತದೆ, ಅಷ್ಟೇ.

ತೆಗ್ಗಿನ ವಿಷಯದಲ್ಲಿ ಇನ್ನೊಂದು ಮುಖವಿದೆ, ಇದನ್ನು ಹೇಳುವವರು ಕಡಿಮೆ. ಗಾಲಿ ಮೇಲೆ ಹೋಗುವುದಷ್ಟೇ ಅಲ್ಲ, ಕೆಳಗೂ ಇಳಿಯಬೇಕು. 275 ಕೆ.ಜಿ. ಹೊತ್ತಾಗ 2 ಕೆ.ಜಿ. ಸ್ಪ್ರಿಂಗ್ 137 ಮಿ.ಮೀ. ಅಮುಕಿರುತ್ತದೆ, 6 ಕೆ.ಜಿ. ಸ್ಪ್ರಿಂಗ್ 46 ಮಾತ್ರ. ಅಂದರೆ ತೆಗ್ಗು 46 ಮಿ.ಮೀ.ಗಿಂತ ಆಳವಾಗಿದ್ದರೆ ಅದರಾಚೆಗೆ ಗಾಲಿಯನ್ನು ಕೆಳಕ್ಕೆ ಒತ್ತುವ ಶಕ್ತಿ ಸ್ಪ್ರಿಂಗಿಗೆ ಇಲ್ಲ. ಮೂಲೆ ಆಧಾರವಿಲ್ಲದೆ ಗಾಡಿಯ ಮೈಯೇ ಕೆಳಗೆ ಬೀಳುತ್ತದೆ, ಸ್ಪ್ರಿಂಗ್ ಸಡಿಲಾಗಿ ಟಣ್ ಅನ್ನುತ್ತದೆ. ಜ್ಯಾಕ್ ಕೊಟ್ಟಾಗ ಸ್ಪ್ರಿಂಗ್ ಕೈಯಲ್ಲಿ ತಿರುಗಿದರೆ ಅದನ್ನು ಸಡಿಲಾಗದಂತೆ ಹಿಡಿಯುವ ಪುಟ್ಟ ಹೆಲ್ಪರ್ ಸ್ಪ್ರಿಂಗ್ ಇಲ್ಲವೆಂದೇ ಅರ್ಥ. ಹಿಂದೆ ಟಾರ್ಷನ್ ಬೀಮ್ ಇರುವ ಕಾರಿನಲ್ಲಿ ಸ್ಪ್ರಿಂಗೂ ಶಾಕಪ್ಪೂ ಬೇರೆ ಬೇರೆ ಇರುವುದರಿಂದ ಸಡಿಲ ಸ್ಪ್ರಿಂಗ್ ತಟ್ಟೆಯಿಂದ ಜಾರಿ ಹೊರಬರಬಹುದು. ಅದು ಸದ್ದಿನ ಪ್ರಶ್ನೆಯಲ್ಲ, ಅಪಘಾತದ್ದು.

ಟೈರು ಸವೆದದ್ದಕ್ಕೆ ಕಾರಣ ಸರಳ: ಇಳಿಸಿದಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಗಾಲಿಯ ವಾಲಿಕೆ) ಒಳಕ್ಕೆ ವಾಲಿತು, ಗಾಲಿ ತಿರುಗಿಸುವ ಟೈ ರಾಡಿನ ಕೋನ ಬದಲಾಗಿ ಟೋ (ಮೇಲಿನಿಂದ ನೋಡಿದಾಗ ಗಾಲಿ ಮುಖ ಮಾಡಿದ ದಿಕ್ಕು) ಕೆಟ್ಟಿತು, ಅಲೈನ್‌ಮೆಂಟ್ ಮಾಡಿಸಲಿಲ್ಲ. ಕ್ಯಾಂಬರ್‌ಗಿಂತ ಟೋ ಬೇಗ ತಿನ್ನುತ್ತದೆ. ಅಲೈನ್‌ಮೆಂಟ್ ಹಾಕಿದ ದಿನ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ 300–500 ಕಿ.ಮೀ.ಗೆ ಇನ್ನೊಮ್ಮೆ. ಎತ್ತರ ಮುಟ್ಟಿದಾಗಲೆಲ್ಲ ಮತ್ತೆ. ಹೆಡ್‌ಲೈಟಿನ ಮಟ್ಟವನ್ನೂ.

ಗಾಲಿಯನ್ನು ಗಾಡಿಯ ಮೈಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಲೋವರ್ ಆರ್ಮ್ ಕಡೆ ಬಗ್ಗಿ ನೋಡಿ. ಕಂಪನಿ ಎತ್ತರದಲ್ಲಿ ಅದು ಗಾಲಿಯ ಕಡೆಗೆ ಇಳಿಜಾರಾಗಿರುತ್ತದೆ. ಅತಿಯಾಗಿ ಇಳಿಸಿದರೆ ಗಾಲಿಯ ಕಡೆಗೆ ಏರುತ್ತದೆ. ಆಗ ರೋಲ್ ಸೆಂಟರ್ (ತಿರುವಿನಲ್ಲಿ ಗಾಡಿಯ ಮೈ ಯಾವುದರ ಸುತ್ತ ವಾಲುತ್ತದೋ ಆ ಬಿಂದು) ಗಾಡಿಯ ತೂಕದ ಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿದು, ತಿರುವಿನಲ್ಲಿ ಗಾಡಿಯನ್ನು ವಾಲಿಸುವ ಬಲ ಹೆಚ್ಚುತ್ತದೆ. ಆ ವಾಲಿಕೆಯನ್ನು ಗಟ್ಟಿ ಸ್ಪ್ರಿಂಗ್ ಮುಚ್ಚಿಡುತ್ತದೆ ಅಷ್ಟೇ. ರೋಡ್ ಹಿಡಿತ ಬರುತ್ತದೆಂದು 60 ಇಳಿಸುವವರು ಇದನ್ನು ಯೋಚಿಸಲಿ. ಎಕ್ಸಲ್ ಬೂಟ್ ಹರಿದದ್ದೂ ಇದೇ ಬದಲಾದ ಕೋನದಿಂದ. ಉದ್ದ ಸರಿಹೊಂದದ ಲಿಂಕ್ ರಾಡಿನಿಂದ ಸ್ಟೆಬಿಲೈಸರ್ ಬಾರ್ (ವಾಲಿಕೆ ತಡೆಯುವ ಸರಳು) ಎಕ್ಸಲಿಗೆ ತಾಗುವುದೂ ಉಂಟು.

ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಹೆಜ್ಜೆ: ಲೋವರ್ ಆರ್ಮಿನ ಬುಶ್ ಬೋಲ್ಟ್. ಬುಶ್ಶಿನ ರಬ್ಬರು ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ, ಬೋಲ್ಟ್ ಬಿಗಿದ ಕೋನವೇ ಅದರ ವಿಶ್ರಾಂತಿ ಸ್ಥಾನ. ಹಳೆಯ ಎತ್ತರದಲ್ಲಿ ಬಿಗಿದದ್ದನ್ನು ಹಾಗೇ ಬಿಟ್ಟು ಗಾಡಿ ಇಳಿಸಿದರೆ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ. ಸವಾರಿ ಇನ್ನಷ್ಟು ಬಿರುಸು, ಬುಶ್ ಬೇಗ ಹರಿಯುತ್ತದೆ. ಹೊಸ ಎತ್ತರದಲ್ಲಿ, ಗಾಲಿ ನೆಲದ ಮೇಲಿದ್ದಾಗ, ಬೋಲ್ಟ್ ಸಡಿಲಿಸಿ, ಗಾಡಿಯನ್ನು ಒಂದೆರಡು ಸಲ ಒತ್ತಿ ಬಿಟ್ಟು, ಕಂಪನಿ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಬೇಕು. ಎತ್ತರ ಅಳೆಯುವಾಗಲೂ ನೆಲದಿಂದಲ್ಲ, ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ. ಟೈರಿನ ಗಾಳಿ, ಸವೆತ ಲೆಕ್ಕ ಕೆಡಿಸುತ್ತವೆ. ಎಡಬಲಕ್ಕೆ 5 ಮಿ.ಮೀ. ಮೀರಿದ ವ್ಯತ್ಯಾಸ ಇರಕೂಡದು.

ಚೇಂಬರ್ ಒಡೆದದ್ದು ಕಲಘಟಗಿ ಕಡೆಯ ಒಂದು ಹಳ್ಳಿಯ ಹಂಪಿನ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯ. ಗಾಲಿಗಳ ನಡುವೆ 2.45 ಮೀಟರ್ ಅಂತರವಿರುವ ಕಾರಿನ ನಾಲ್ಕೂ ಗಾಲಿ ಅದರ ಮೇಲೇ ನಿಲ್ಲುವುದರಿಂದ ಹೊಟ್ಟೆಯ ಕೆಳಗೆ ಕಡಿಮೆಯಾಗುವುದು 44 ಮಿ.ಮೀ. ಮಾತ್ರ, 105 ಮಿ.ಮೀ.ಗೆ ಇಳಿಸಿದ ಗಾಡಿಯೂ ದಾಟುತ್ತದೆ. ಆದರೆ ಊರವರೇ ಹಾಕಿಕೊಂಡ ಹಂಪ್ ಒಂದು ಮೀಟರ್ ಅಗಲ, ಗೇಣುದ್ದ ಎತ್ತರ. ಮುಂದಿನ ಗಾಲಿ ಇಳಿದು ಹಿಂದಿನದು ಹತ್ತುವ ಮುನ್ನ ಅದರ ಇಡೀ ಎತ್ತರ ಹೊಟ್ಟೆಯಡಿಗೆ ಬರುತ್ತದೆ. ಓರೆಯಾಗಿ ಹತ್ತಿಸುವ ಕಸರತ್ತು ಬಂಪರಿಗೆ ಸಹಾಯ, ಚೇಂಬರಿಗೆ ಅಷ್ಟಾಗಿ ಅಲ್ಲ. ಚೇಂಬರ್ ತಾಗಿದರೆ ಆಯಿಲ್ ಲೈಟ್ ಬರುವವರೆಗೆ ಕಾಯದೆ ಅಲ್ಲೇ ಇಂಜಿನ್ ಆರಿಸಿ.

ಮಳೆಗಾಲದ ಎರೆಕೆಸರು ಸ್ಪ್ರಿಂಗ್ ತಟ್ಟೆಯ ಥ್ರೆಡ್ಡಿನಲ್ಲಿ ಕಲ್ಲಿನಂತೆ ಒಣಗುತ್ತದೆ. ಹಾಕುವಾಗಲೇ ಥ್ರೆಡ್ ಕಚ್ಚಿಕೊಳ್ಳದಂತೆ ಆಂಟಿ-ಸೀಜ್ ಹಚ್ಚಿ, ಲಾಕ್ ರಿಂಗ್ ಬಿಗಿದು, ತೆರೆದ ಥ್ರೆಡ್ ಮೇಲೆ ಟೇಪ್ ಸುತ್ತಬೇಕು. ತಿರುಗಿಸುವ ಮೊದಲು ಬ್ರಷ್ಷಿನಿಂದ ತೊಳೆಯಬೇಕು. ಮೇಲೆ ರಬ್ಬರಿನ ಬದಲು ಲೋಹದ ಗುಂಡು ಬೇರಿಂಗ್ ಇರುವ ಟಾಪ್ ಮೌಂಟ್ ಬೇಡ, ಧೂಳು ಹೊಕ್ಕು ಬೇಗ ಟಕಟಕ ಶುರುವಾಗುತ್ತದೆ. ಕಂಪನಿ ರಬ್ಬರ್ ಮೌಂಟ್ ಕೂರುವ ಕಿಟ್ ಸಿಕ್ಕರೆ ಅದೇ ಇರಲಿ.

ಕಾನೂನು ಚುಟುಕಾಗಿ: ಮೋಟಾರು ವಾಹನ ಕಾಯ್ದೆಯ 182ಎ(4)ರಂತೆ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಮಾ ಕಂಪನಿಗೆ ತಿಳಿಸದೆ ಹಾಕಿಸಿದರೆ ಚೇಂಬರಿನ ಕ್ಲೇಮ್ ತಿರಸ್ಕೃತವಾಗಲು ಕಾರಣ ನೀವೇ ಒದಗಿಸಿದಂತೆ.

ಇಳಿಸಲೇಬೇಕೆಂಬ ಆಸೆ ಇದ್ದರೆ 25 ಮಿ.ಮೀ.ಗೆ ನಿಲ್ಲಿ, ಆ ಎತ್ತರಕ್ಕೆಂದೇ ತಯಾರಾದ ಸ್ಪ್ರಿಂಗ್ ಮತ್ತು ಶಾಕಪ್ ಜೋಡಿ ತನ್ನಿ. ಸ್ಪ್ರಿಂಗ್ ಕತ್ತರಿಸುವುದು, ಗ್ಯಾಸ್ ಕಟರಿನಿಂದ ಕಾಯಿಸಿ ಕುಗ್ಗಿಸುವುದು ಎರಡೂ ಬೇಡವೇ ಬೇಡ. ಕತ್ತರಿಸಿದ ತುದಿ ತಟ್ಟೆಯಲ್ಲಿ ಕೂರುವುದಿಲ್ಲ, ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಂಡು ಒಂದು ದಿನ ಮುರಿಯುತ್ತದೆ. ತೆಗೆದ ಕಂಪನಿ ಸ್ಟ್ರಟ್ಟುಗಳನ್ನು ಗ್ಯಾರೇಜಿನಲ್ಲಿ ಬಿಡಬೇಡಿ, ಮನೆಗೆ ತನ್ನಿ. ಆಮೇಲೆ ಕೇಳಿದರೆ ಸಿಗುವುದು ಕಷ್ಟ.

ಈ ಕಾರಿನಂಥವು ಮತ್ತೆ ಕಂಪನಿ ಎತ್ತರಕ್ಕೆ ಏರಿ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೂ ಬರುತ್ತವೆ. ಕೊಳ್ಳುವವರು ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಟೈರಿನ ಒಳಅಂಚನ್ನು ಕೈಯಿಂದ ಸವರಿ, ಸ್ಟ್ರಟ್ ಬೋಲ್ಟಿನ ತಲೆಯ ಮೇಲಿನ ಪಾನಾ ಗುರುತು ನೋಡಿ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಟೈರು ಉಜ್ಜಿದ ಹೊಳಪು ಹುಡುಕಿ. ಲಿಫ್ಟಿಗೆ ಏರಿಸಿದಾಗ ಚೇಂಬರಿನ ಡ್ರೈನ್ ಬೋಲ್ಟಿನ ಮೂಲೆಗಳು ಸವೆದು ದುಂಡಗಾಗಿದ್ದರೆ, ಸೈಲೆನ್ಸರ್ ಕೊಳವೆಯ ತಳ ಚಪ್ಪಟೆಯಾಗಿದ್ದರೆ, ಬುಶ್, ಎಕ್ಸಲ್ ಬೂಟ್, ನಾಲ್ಕೂ ಟೈರಿನ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.