ಕಸದ ಡಬ್ಬಿಗೆ ಗಾರೆ ಬಾಂಡ್ಲಿಯ ಮುಚ್ಚಳ: ಎರಡು ಮಳೆಗಾಲದ ನಂತರ

ಬಳಸಿದ್ದು: ಗಾರೆ ಕೆಲಸದ ಹಳೇ ಕಬ್ಬಿಣದ ಬಾಂಡ್ಲಿ
ಜಾಗ: ಚಿಕ್ಕಮಗಳೂರು, ಹಿತ್ತಲು, ಮೇಲೆ ಶೀಟು ಇಲ್ಲ
ಅಂಕ: ಐದಕ್ಕೆ ನಾಲ್ಕು

ಹೊರಗಿಡುವ ಕಸದ ಡಬ್ಬಿಯಲ್ಲಿ ಮೊದಲು ಕೈಕೊಡುವುದು ಮುಚ್ಚಳ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಮಡಚುವ ಕಡೆ ಸೀಳು ಬಿಡುತ್ತದೆ, ಆಮೇಲೆ ಒಂದು ಕೋತಿ ಜೋರಾಗಿ ಎಳೆದರೆ ಸಾಕು. ನಮ್ಮ ಡಬ್ಬಿ ಇನ್ನೂ ಕಲ್ಲಿನ ಹಾಗಿತ್ತು. ಆದರೆ ಮುಚ್ಚಳವನ್ನು ಬಿಡಿಯಾಗಿ ಯಾರೂ ಮಾರುವುದಿಲ್ಲ. ಅದಕ್ಕೋಸ್ಕರ ಹೊಸ ಡಬ್ಬಿ ಕೊಳ್ಳುವುದು ಯಾಕೆ ಅಂತ ಗುಜರಿ ಅಂಗಡಿಗೆ ಹೋದೆ. ಬಾಂಡ್ಲಿ ತೂಕದ ಲೆಕ್ಕದಲ್ಲಿ ಸಿಕ್ಕಿತು.

ಇದನ್ನು ಬೋರಲು ಹಾಕಬೇಕು. ಅದರಲ್ಲೇ ಇರುವುದು ಎಲ್ಲಾ ಗುಟ್ಟು. ಬಾಂಡ್ಲಿಯ ಬಾಯಿ ಡಬ್ಬಿಯ ಬಾಯಿಗಿಂತ ಎರಡು ಮೂರು ಸೆಂಟಿಮೀಟರ್ ಅಗಲ ಇರಲಿ. ಅಷ್ಟಿದ್ದರೆ ಡಬ್ಬಿಯ ಅಂಚು ಬಾಂಡ್ಲಿಯ ಒಳಗಿನ ಇಳಿಜಾರಿಗೆ ತಾಗಿ, ಬಾಂಡ್ಲಿ ತಾನೇ ನಡುವಿಗೆ ಬಂದು ಕೂರುತ್ತದೆ. ಮಳೆನೀರು ಸುತ್ತಲೂ ಹೊರಗೆ ಬೀಳುತ್ತದೆ. ಬಿಗಿಯಾಗಿ ಕೂರುವುದಿಲ್ಲ, ಸ್ವಲ್ಪ ಗಾಳಿ ಆಡುತ್ತದೆ. ನನ್ನ ಪ್ರಕಾರ ಅದೇ ಒಳ್ಳೆಯದು. ಹಸಿ ಕಸವನ್ನು ಗಾಳಿಯಿಲ್ಲದೆ ಮುಚ್ಚಿಟ್ಟರೆ ನಾತ ಇನ್ನೂ ಜಾಸ್ತಿ. ಮೇಲೊಂದು ಹಿಡಿ ಕಾಫಿ ಚರಟ, ಒಣಗಿದ ಎಲೆ ಉದುರಿಸಿದರೆ ನೊಣವೂ ಕಡಿಮೆ.

ಕಂಪನಿಯ ಮುಚ್ಚಳದ ಸುತ್ತ ಒಂದು ಕಾಲುವೆ ಇತ್ತು. ಅಲ್ಲಿ ಸದಾ ನೀರು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ. ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆ ಪ್ರತಿ ಸಲ ಅದನ್ನೇ ಬೆರಳು ಮಾಡಿ ತೋರಿಸುತ್ತಿದ್ದರು. ಬೋರಲು ಬಾಂಡ್ಲಿಯ ತಳದಲ್ಲಿ ತೆಳ್ಳಗೆ ನೀರು ನಿಂತರೂ ಬಿಸಿಲು ಬಂದ ಕೂಡಲೇ ಆರುತ್ತದೆ.

ಅಂಚಿನ ಬಗ್ಗೆ ಒಂದು ಮಾತು. ತಗಡು ಕತ್ತರಿಸಿ ಮುಚ್ಚಳ ಮಾಡಿಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ನೋಡಲು ಚೆನ್ನ, ಆದರೆ ಕಸ ತೆಗೆಯಲು ಬರುವ ಪೌರಕಾರ್ಮಿಕರ ಕೈ ಕುಯ್ಯುತ್ತದೆ. ಬಾಂಡ್ಲಿಯ ಅಂಚು ಸುರುಳಿ ಸುತ್ತಿರುತ್ತದೆ, ಕೈಗೆ ಏನೂ ಆಗದು. "ಇದು ವಾಸಿ ಅಕ್ಕ, ಆದ್ರೆ ಒಂದು ಹಿಡಿ ಹಾಕ್ಸಿ, ಎತ್ತಕ್ಕೆ ಆಗಲ್ಲ" ಅಂತ ಗಾಡಿಯವರೇ ಹೇಳಿದರು. ಬಾಗಿಲಿಗೆ ಹಾಕುವ ಹಿಡಿಯನ್ನು ನಡುವೆ ಎರಡು ಬೋಲ್ಟ್ ಕೊಟ್ಟು ಕೂರಿಸಿದೆ. ತೂತಿನಿಂದ ನೀರು ಇಳಿಯದಿರಲು ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ, ಮೇಲೆ ಎಂ-ಸೀಲ್.

ಹಿಡಿಯಿಂದ ಇನ್ನೊಂದು ಲಾಭ. ಸ್ಕೂಟರ್ ಹಿಂದೆ ಸಾಮಾನು ಕಟ್ಟುವ ಕೊಕ್ಕೆಯ ಎಲಾಸ್ಟಿಕ್ ಹಗ್ಗವನ್ನು ಅದರೊಳಗೆ ತೂರಿಸಿ, ಡಬ್ಬಿಯ ಎರಡು ಕಿವಿಗೂ ಸಿಕ್ಕಿಸಬಹುದು. ಗಿರಿ ಕಡೆಯಿಂದ ಬೀಸುವ ಆಷಾಢದ ಗಾಳಿಗೂ ಬಾಂಡ್ಲಿ ಅಲ್ಲಾಡಿಲ್ಲ. ನಾಯಿ ಉರುಳಿಸಿದರೂ ಕಸ ಚೆಲ್ಲುವುದಿಲ್ಲ. ಕೋತಿ ವಿಷಯ ಬೇರೆ. ಹಲಸಿನ ಕಾಲದಲ್ಲಿ ಅವಕ್ಕೆ ಕೊಕ್ಕೆ ಬಿಚ್ಚುವುದು ಯಾವ ಲೆಕ್ಕ! ಈಗ ಹಲಸಿನ ಸಿಪ್ಪೆಯನ್ನು ಡಬ್ಬಿಗೆ ಹಾಕುವುದೇ ಇಲ್ಲ, ಪಕ್ಕದ ಮನೆ ಹಸುವಿಗೆ ಹೋಗುತ್ತದೆ.

ಅಂಕ ಕಡಿದದ್ದು ಯಾಕೆ? ಒಂದು, ಸದ್ದು. ರಾತ್ರಿ ಜೋರು ಮಳೆ ಬಂದರೆ ತಮಟೆ ಬಾರಿಸಿದ ಹಾಗೆ. ಮಲಗುವ ಕೋಣೆಯ ಕಿಟಕಿ ಹತ್ತಿರ ಇಡಲೇಬೇಡಿ. ಎರಡು, ತುಕ್ಕು. ಬೋಲ್ಟ್ ತೂತಿನ ಸುತ್ತ ಮೊದಲ ಮಳೆಗಾಲದಲ್ಲೇ ಶುರುವಾಯಿತು. ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಎನಾಮೆಲ್ ಬಣ್ಣ ಬಳಿದ ಮೇಲೆ ನಿಂತಿದೆ. ಮೇ ತಿಂಗಳಲ್ಲಿ ಮತ್ತೆ ಒಂದು ಕೈ ಬಣ್ಣ ಬೇಕು.

ಹಳೇ ಟೈರಿನ ರಬ್ಬರ್ ಬಾಂಡ್ಲಿ ಸಿಕ್ಕರೆ ಸದ್ದೂ ಇಲ್ಲ, ತುಕ್ಕೂ ಇಲ್ಲ. ನಮ್ಮ ಭಾವನ ಮನೆಯಲ್ಲಿ ಅದೇ ಇದೆ, ಎತ್ತಿದರೆ ಕೈ ಕಪ್ಪಾಗುತ್ತದೆ ಅಷ್ಟೇ. ಪ್ಲಾಸ್ಟಿಕ್ ಬಾಂಡ್ಲಿ ಬೇಡ, ಅದರ ಗತಿಯೂ ಕಂಪನಿ ಮುಚ್ಚಳದ್ದೇ.

ಚೌಕ ಡಬ್ಬಿ, ಕಾಲಲ್ಲಿ ಒತ್ತುವ ಡಬ್ಬಿ ಇರುವವರಿಗೆ ಇದು ಆಗಿಬರುವುದಿಲ್ಲ. ದುಂಡು ಡಬ್ಬಿಯಾದರೆ ಬಾಯಿಯ ಹೊರ ಅಳತೆಯನ್ನು ದಾರದಲ್ಲಿ ಹಿಡಿದುಕೊಂಡೇ ಗುಜರಿಗೆ ಹೋಗಿ.